ಎರಡು ಲೋಕಗಳ ಒಡೆಯನಾಗಹೊರಟ ಚನ್ನಗಿರಿಯ ‘ಹುಲಿ’

ಚನ್ನಗಿರಿ: ದಾವಣಗೆರೆ ಜಿಲ್ಲೆಯ ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. ಊರಿನ ಗುಡ್ಡದ ಮೇಲಿರುವ ಕೋಟೆಯನ್ನು ಕಂಡವರಿಗೆ ಮೊದಲು ನೆನಪಾಗುವುದೂ ಆಕೆಯೇ. ಆದರೆ ಇದೇ ಊರಿನಲ್ಲಿ ಹುಟ್ಟಿದ ಒಬ್ಬ ಸಾಮಾನ್ಯ ಕುದುರೆ ಸವಾರ, ಮುಂದೆ ವಾಟರ್ಲೂ ರಣಾಂಗಣದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ದಂಡನಾಯಕನನ್ನು ತಿಂಗಳುಗಟ್ಟಲೆ ಹೊಳೆಯಿಂದ ಹೊಳೆಗೆ ಅಲೆಸಿದ್ದ ಎಂಬುದು ಅನೇಕರಿಗೆ ತಿಳಿಯದ ಸಂಗತಿ.

ಆತನೇ ಧೋಂಡಿಯಾ ವಾಘ್. ಬ್ರಿಟಿಷರ ಕಡತಗಳಲ್ಲಿ ಈತ ದರೋಡೆಕೋರ. ನಮ್ಮ ಹಲವು ಇತಿಹಾಸಕಾರರ ಬರಹಗಳಲ್ಲಿ ಕಂಪನಿ ಸರ್ಕಾರದ ವಿರುದ್ಧ ಕರ್ನಾಟಕದಲ್ಲಿ ಮೊಟ್ಟಮೊದಲು ಸಿಡಿದೆದ್ದವರಲ್ಲೊಬ್ಬ. ಶ್ರೀರಂಗಪಟ್ಟಣ ಬಿದ್ದ ದಿನದಿಂದ ಎಣಿಸಿದರೆ ಈತನ ಆಟ ನಡೆದದ್ದು ಹದಿನಾರು ತಿಂಗಳು ಮಾತ್ರ. ಅಷ್ಟರಲ್ಲೇ ತುಂಗಭದ್ರೆಯಿಂದ ಕೃಷ್ಣೆಯವರೆಗಿನ ನಾಡನ್ನು ನಡುಗಿಸಿ, ತನ್ನನ್ನು ತಾನು ‘ಉಭಯಲೋಕಾಧೀಶ್ವರ’ ಎಂದು ಕರೆದುಕೊಂಡ.

ದರೋಡೆಕೋರನೋ, ಬಂಡಾಯಗಾರನೋ ಎಂಬ ಪ್ರಶ್ನೆ ಧೋಂಡಿಯಾನೊಬ್ಬನದೇ ಅಲ್ಲ. ಅದೇ ದಶಕಗಳಲ್ಲಿ ಸಾಗರದಾಚೆಯ ಅಮೆರಿಕ ಖಂಡಗಳಲ್ಲೂ ಇದೇ ಪ್ರಶ್ನೆಗೆ ಕತ್ತಿಯ ಮೊನೆಯಲ್ಲಿ ಉತ್ತರ ಹುಡುಕಲಾಗುತ್ತಿತ್ತು. ವಿಶೇಷವೆಂದರೆ, ಅಲ್ಲಿನ ಕ್ರಾಂತಿಗಳ ಜೊತೆ ಹೆಸರು ತಳುಕು ಹಾಕಿಕೊಂಡ ಇಬ್ಬರು ಬ್ರಿಟಿಷ್ ಸೇನಾನಿಗಳು ಚನ್ನಗಿರಿಯ ಈ ಸವಾರನ ಬದುಕಿನ ದಿಕ್ಕನ್ನೂ ಬದಲಿಸಿದರು. ಒಬ್ಬ ಅಮೆರಿಕದಲ್ಲಿ ಸೋತು ಇಲ್ಲಿಗೆ ಬಂದವನು. ಇನ್ನೊಬ್ಬ ಇಲ್ಲಿ ಗೆದ್ದ ಮೇಲೆ ಅಮೆರಿಕಕ್ಕೆ ಹೊರಟು ನಿಂತವನು.

ಹೈದರನ ದಂಡಿನ ಸವಾರ

ಧೋಂಡಿಯಾ ಹುಟ್ಟಿದ್ದು ಪವಾರ್ ವಂಶದ ಮರಾಠ ಕುಟುಂಬದಲ್ಲಿ. ‘ವಾಘ್’ ಎಂದರೆ ಮರಾಠಿಯಲ್ಲಿ ಹುಲಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕೆಳದಿ ಅರಸರ ಆಳ್ವಿಕೆ ಮುಗಿದು ಈ ಸೀಮೆ ಮೈಸೂರಿನ ವಶವಾಯಿತು. 1779ರಲ್ಲಿ ಚಿತ್ರದುರ್ಗದ ಮದಕರಿ ನಾಯಕನ ಕೋಟೆ ಬಿದ್ದ ಮೇಲೆ ಜಗಳೂರಿನ ಕಡೆಯ ನಾಡೂ ಅದೇ ದಾರಿ ಹಿಡಿಯಿತು. ಹಳೆಯ ಅರಸರು, ಪಾಳೆಯಗಾರರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದ ಕಾಲವದು. ಆದರೆ ಕುದುರೆ ಏರಬಲ್ಲ, ಕತ್ತಿ ಹಿಡಿಯಬಲ್ಲ ತರುಣನಿಗೆ ಹೈದರನ ದಂಡಿನಲ್ಲಿ ಜಾತಿ, ಭಾಷೆ ಕೇಳದೆ ಅನ್ನ ಸಿಗುತ್ತಿತ್ತು. ಧೋಂಡಿಯಾ ಅಲ್ಲಿ ಸವಾರನಾಗಿ ಸೇರಿ ಮೆಲ್ಲಮೆಲ್ಲನೆ ಮೇಲಕ್ಕೇರಿದ.

ಅದೇ ವೇಳೆಗೆ ಉತ್ತರ ಅಮೆರಿಕದ ಹದಿಮೂರು ವಸಾಹತುಗಳು ಇಂಗ್ಲೆಂಡಿನ ದೊರೆಯ ವಿರುದ್ಧ ಹೋರಾಡುತ್ತಿದ್ದವು. ಬ್ರಿಟಿಷರಿಗೆ ಎದುರು ನಿಂತ ಹೈದರಾಲಿಯ ಹೆಸರು ಅಲ್ಲಿಗೂ ಮುಟ್ಟಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈಡರ್ ಆಲಿ’ ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಜೋಶುವಾ ಬಾರ್ನಿ ಎಂಬ ಯುವ ನಾಯಕನ ಕೈಕೆಳಗೆ ಆ ನೌಕೆ ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲಶಾಲಿಯಾದ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಮೈಸೂರಿನ ನವಾಬನ ಹೆಸರು ಹೊತ್ತ ಹಡಗು ಅಲ್ಲಿ ಸಾಗರದಲ್ಲಿ ಗೆಲ್ಲುತ್ತಿದ್ದಾಗ, ಇಲ್ಲಿ ಅವನ ಸವಾರರು ಅದೇ ಬ್ರಿಟಿಷರೊಡನೆ ಎರಡನೆಯ ಮೈಸೂರು ಯುದ್ಧದಲ್ಲಿ ತೊಡಗಿದ್ದರು.

ಆ ಹಿಂದಿನ ವರ್ಷ, 1781ರ ಅಕ್ಟೋಬರ್ 19ರಂದು, ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್‌ನ ಸೇನೆ ಮತ್ತು ಅದರ ಫ್ರೆಂಚ್ ಮಿತ್ರರ ಮುಂದೆ ಲಾರ್ಡ್ ಕಾರ್ನ್‌ವಾಲಿಸ್‌ನ ಪಡೆ ಶಸ್ತ್ರ ಕೆಳಗಿಟ್ಟಿತ್ತು. ಶರಣಾಗತಿಯ ಆ ದಿನ ತಾನು ಅಸ್ವಸ್ಥನೆಂದು ಹೇಳಿ ಕಾರ್ನ್‌ವಾಲಿಸ್ ಹೊರಗೆ ಬರಲಿಲ್ಲ. ಅವನ ಪರವಾಗಿ ಇನ್ನೊಬ್ಬ ಅಧಿಕಾರಿ ಕತ್ತಿ ಒಪ್ಪಿಸಲು ಹೋದ. ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಮೂರನೆಯ ಮೈಸೂರು ಯುದ್ಧದಲ್ಲಿ ತಾನೇ ದಂಡಿನ ಮುಂದೆ ನಿಂತು 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ. ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ, 3 ಕೋಟಿ 30 ಲಕ್ಷ ರೂಪಾಯಿ ದಂಡವನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಪಡೆದ. ಅಮೆರಿಕದಲ್ಲಿ ಕಳೆದುಕೊಂಡ ಮಾನವನ್ನು ಕಾವೇರಿಯ ದಂಡೆಯಲ್ಲಿ ಮರಳಿ ಗಳಿಸಿದನೆಂದು ಅವನ ದೇಶದವರು ಸಂಭ್ರಮಿಸಿದರು.

ಈ ಯುದ್ಧದ ಗೊಂದಲದ ನಡುವೆಯೇ ಧೋಂಡಿಯಾ ಟಿಪ್ಪುವಿನ ದಂಡನ್ನು ತೊರೆದ. ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು, ತನ್ನೊಡನೆ ಬಂದ ಸವಾರರನ್ನು ಕಟ್ಟಿಕೊಂಡು ಉತ್ತರಕ್ಕೆ ಹೋಗಿ ಲಕ್ಷ್ಮೇಶ್ವರದ ದೇಸಾಯಿಯ ಆಶ್ರಯ ಪಡೆದ. ಅಲ್ಲಿಂದ ಹಾವೇರಿ, ಸವಣೂರಿನ ಕಡೆ ಲೂಟಿಗಿಳಿದ. ಇದನ್ನು ಮರೆಮಾಚಿ ಅವನನ್ನು ಹುಟ್ಟು ದೇಶಭಕ್ತನೆಂದು ಬಣ್ಣಿಸುವುದು ಇತಿಹಾಸಕ್ಕೆ ಬಗೆಯುವ ಅಪಚಾರವಾದೀತು. ಆ ದಿನಗಳಲ್ಲಿ ಅವನ ಎದುರಿಗಿದ್ದವರು ಇಂಗ್ಲಿಷರಲ್ಲ, ಮರಾಠರ ಸೀಮೆಯ ರೈತರು ಮತ್ತು ವರ್ತಕರು. ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ ಬೆನ್ನಟ್ಟಿದಾಗ ಈತನಿಗೆ ತುಂಗಭದ್ರೆಯನ್ನು ದಾಟಿ ಹಳೆಯ ಒಡೆಯನ ಬಳಿಗೇ ಮರಳದೆ ಬೇರೆ ದಾರಿ ಉಳಿಯಲಿಲ್ಲ.

ಟಿಪ್ಪು ಅವನನ್ನು ಮೊದಲು ಆದರದಿಂದಲೇ ಬರಮಾಡಿಕೊಂಡ. ಧೋಂಡಿಯಾ ಇಸ್ಲಾಂ ಮತಕ್ಕೆ ಸೇರಿದ. ಅದು ಬಲವಂತದಿಂದ ಆಯಿತೆಂದು ಆ ಕಾಲದ ಇಂಗ್ಲಿಷ್ ಲೇಖಕರು ಬರೆದಿದ್ದಾರೆ. ಮಲ್ಲಿಕ್ ಜಹಾನ್ ಖಾನ್ ಎಂಬ ಹೆಸರು ಅವನಿಗೆ ಬಂತು. ಆದರೆ ಸುಲ್ತಾನನ ವಿಶ್ವಾಸ ಬಹುಕಾಲ ಉಳಿಯಲಿಲ್ಲ. ಸಂಶಯಕ್ಕೆ ಗುರಿಯಾದ ಸವಾರ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಸಂಕೋಲೆ ತೊಟ್ಟು ವರ್ಷಗಳನ್ನು ಕಳೆದ.

ಸಂಕೋಲೆ ಕಳಚಿದ ದಿನ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ. ಕೋಟೆ ಹೊಕ್ಕ ಇಂಗ್ಲಿಷ್ ಸೈನಿಕರು ಸೆರೆಯಾಳುಗಳ ಸಂಕೋಲೆ ಕಳಚಿದರು. ಹಾಗೆ ಹೊರಬಂದವರಲ್ಲಿ ಧೋಂಡಿಯಾನೂ ಇದ್ದ. ತಮಗೆ ಮುಂದೆ ಅತಿ ಹೆಚ್ಚು ತಲೆನೋವು ತಂದ ಮನುಷ್ಯನನ್ನು ಬ್ರಿಟಿಷರು ತಮ್ಮ ಕೈಯಾರೆ ಬಿಡುಗಡೆ ಮಾಡಿದ್ದರು!

ಮುಂದಿನ ಎರಡು ತಿಂಗಳಲ್ಲಿ ರಾಜ್ಯದ ರೂಪವೇ ಬದಲಾಯಿತು. ಜೂನ್ 30ರಂದು ಐದು ವರ್ಷದ ಬಾಲಕ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಲಾಯಿತು. ಪೂರ್ಣಯ್ಯ ದಿವಾನರಾದರು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಾಹ ಕೊಡಬೇಕೆಂದು ನಿಗದಿಯಾಯಿತು. ಇಷ್ಟು ಚಿಕ್ಕದಾದ, ಇಷ್ಟು ಹೊರೆ ಹೊತ್ತ ರಾಜ್ಯಕ್ಕೆ ಟಿಪ್ಪುವಿನ ಕಾಲದ ದೊಡ್ಡ ದಂಡನ್ನು ಸಾಕುವ ಶಕ್ತಿಯೂ ಇರಲಿಲ್ಲ, ಅದಕ್ಕೆ ಕಂಪನಿಯ ಒಪ್ಪಿಗೆಯೂ ಇರಲಿಲ್ಲ. ಸಾವಿರಾರು ಸವಾರರು ಒಂದೇ ಏಟಿಗೆ ನಿರುದ್ಯೋಗಿಗಳಾದರು. ಕುದುರೆ ಇದೆ, ಕತ್ತಿ ಇದೆ, ಸಂಬಳವಿಲ್ಲ. ಧೋಂಡಿಯಾನ ಬಲ ಹುಟ್ಟಿದ್ದು ಇಲ್ಲಿಂದ. ಅವನು ಯಾರಿಗೂ ಸಿದ್ಧಾಂತ ಬೋಧಿಸಲಿಲ್ಲ. ಕೆಲಸ ಕಳೆದುಕೊಂಡ ಸೈನಿಕನಿಗೆ ಒಬ್ಬ ನಾಯಕ ಬೇಕಿತ್ತು, ಆ ಸ್ಥಾನದಲ್ಲಿ ಈತ ನಿಂತ.

ಅವನು ನೇರವಾಗಿ ತನಗೆ ಚೆನ್ನಾಗಿ ಗೊತ್ತಿದ್ದ ನಾಡಿಗೇ ಬಂದ. ಬಿದನೂರು ಸೀಮೆಯ ಕೋಟೆಗಳು ಒಂದೊಂದಾಗಿ ಅವನಿಗೆ ಬಾಗಿಲು ತೆರೆದವು. ಕೆಲವು ಕಿಲ್ಲೇದಾರರು ಹೆದರಿ, ಕೆಲವರು ಮನಸಾರೆ ಒಪ್ಪಿ ಕೋಟೆ ಬಿಟ್ಟುಕೊಟ್ಟರು. ಶಿಕಾರಿಪುರ, ಶಿವಮೊಗ್ಗ, ಹೊನ್ನಾಳಿಗಳು ಅವನ ಕೈಯಲ್ಲಿದ್ದವು. ಮುಂಗಾರು ಹಿಡಿಯುವ ಹೊತ್ತಿಗೆ ಈ ಸೀಮೆಯಲ್ಲಿ ಕಂಪನಿಯ ಮಾತಾಗಲಿ, ಹೊಸ ದಿವಾನರ ಮಾತಾಗಲಿ ನಡೆಯುತ್ತಿರಲಿಲ್ಲ. ಊರೂರಿಂದ ಕಾಣಿಕೆ ವಸೂಲಿ ನಡೆಯಿತು. ಕೊಡದವರ ಮನೆ ಲೂಟಿಯಾಯಿತು. ಒಂದೇ ಬೆಳೆಗೆ ಇಬ್ಬರು ಒಡೆಯರು ಹುಟ್ಟಿಕೊಂಡಾಗ ರೈತನ ಪಾಡು ಏನಾಗಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಬ್ರಿಟಿಷರು ಎರಡು ಕಡೆಯಿಂದ ಪಡೆ ಕಳುಹಿಸಿದರು. ಕರ್ನಲ್ ಡಾಲ್ರಿಂಪಲ್ ಚಿತ್ರದುರ್ಗದಿಂದ ಹೊರಟರೆ, ಇನ್ನೊಂದು ದಿಕ್ಕಿನಿಂದ ಕರ್ನಲ್ ಸ್ಟೀವನ್ಸನ್ ಬಂದ. ಆಗಸ್ಟ್ ತಿಂಗಳಲ್ಲಿ ಶಿವಮೊಗ್ಗ ಮತ್ತು ಹೊನ್ನಾಳಿ ಕೋಟೆಗಳು ಕಂಪನಿಯ ವಶವಾದವು. ತುಂಗಭದ್ರೆ ತುಂಬಿ ಹರಿಯುತ್ತಿದ್ದ ದಿನಗಳವು. ಹೊನ್ನಾಳಿಯಿಂದ ಇಂದಿನ ನ್ಯಾಮತಿ ತಾಲ್ಲೂಕಿನ ನೆಲ ದಾಟಿದರೆ ಶಿಕಾರಿಪುರ ದೂರವಿಲ್ಲ. ಆ ಊರಿನ ಬಳಿ ನಡೆದ ಕಾಳಗದಲ್ಲಿ ಧೋಂಡಿಯಾನ ಸವಾರರನ್ನು ಪ್ರವಾಹದ ಹೊಳೆಗೆ ಅಟ್ಟಲಾಯಿತು. ನೂರಾರು ಮಂದಿ ಸತ್ತರು. ಕೋಟೆ ಬಿದ್ದ ಮೇಲೆ ಅದರ ಕಿಲ್ಲೇದಾರನನ್ನು ಗಲ್ಲಿಗೇರಿಸಲಾಯಿತು. ಧೋಂಡಿಯಾ ಮಾತ್ರ ದೋಣಿ ಏರಿ ಹೊಳೆ ದಾಟಿ ಮರಾಠರ ಗಡಿಯೊಳಗೆ ಸೇರಿಕೊಂಡ. ಅಲ್ಲಿ ಕಾದಿದ್ದವನು ಹಳೆಯ ವೈರಿ ಗೋಖಲೆ. ಕೆಲವೇ ದಿನಗಳಲ್ಲಿ ಅವನ ಶಿಬಿರದ ಮೇಲೆ ಬಿದ್ದು ಆನೆ, ಒಂಟೆ, ತೋಪುಗಳನ್ನೆಲ್ಲ ಕಿತ್ತುಕೊಂಡ. ಗೋಖಲೆಯ ರಕ್ತದಿಂದ ಮೀಸೆಗೆ ಬಣ್ಣ ಹಚ್ಚುತ್ತೇನೆಂದು ಧೋಂಡಿಯಾ ಶಪಥ ಮಾಡಿದನಂತೆ.

ಕತೆ ಇಲ್ಲಿಗೆ ಮುಗಿಯಿತೆಂದು ಬ್ರಿಟಿಷರು ಭಾವಿಸಿದ್ದರು. ಆದರೆ 1800ರ ಬೇಸಿಗೆಯ ಹೊತ್ತಿಗೆ ಧಾರವಾಡ ಸೀಮೆಯಲ್ಲಿ ಧೋಂಡಿಯಾ ಮೊದಲಿಗಿಂತ ದೊಡ್ಡ ದಂಡಿನೊಡನೆ ಎದ್ದು ನಿಂತ. ಅವನ ಸವಾರರ ಸಂಖ್ಯೆಯನ್ನು ಹತ್ತಾರು ಸಾವಿರಕ್ಕೆ ಏರಿಸಿ ಹೇಳುವ ವದಂತಿಗಳು ಮದರಾಸಿನವರೆಗೂ ಹರಡಿದವು. ಬಾಲಂ ಸೀಮೆಯ ಕೃಷ್ಣಪ್ಪ ನಾಯಕ ಪಶ್ಚಿಮಘಟ್ಟದ ಕಾಡಿನಲ್ಲಿ ಕಂಪನಿಗೆ ತಲೆಬಾಗದೆ ನಿಂತಿದ್ದ. ಮಲಬಾರಿನಲ್ಲಿ ಪಳಶಿರಾಜನ ಹೋರಾಟ ನಡೆದಿತ್ತು. ತಮಿಳುನಾಡಿನ ಪಾಳೆಯಗಾರರು ಕುದಿಯುತ್ತಿದ್ದರು. ಜೂನ್ 3ರಂದು ಕೊಯಮತ್ತೂರು ಕೋಟೆಯ ಮೇಲೆ ದಾಳಿಯೂ ನಡೆದು ವಿಫಲವಾಯಿತು. ಇವೆಲ್ಲ ಒಂದೇ ಒಕ್ಕೂಟದ ಎಳೆಗಳಾಗಿದ್ದವು, ಧೋಂಡಿಯಾ ಅದರ ಉತ್ತರದ ಕೊಂಡಿ ಎಂದು ಕೆ. ರಾಜಯ್ಯನ್ ಅವರಂಥ ಇತಿಹಾಸಕಾರರು ವಾದಿಸಿದ್ದಾರೆ. ಒಕ್ಕೂಟ ಎಷ್ಟು ಗಟ್ಟಿಯಾಗಿತ್ತೆಂಬ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಬ್ರಿಟಿಷರ ಅಂಜಿಕೆ ಮಾತ್ರ ನಿಜವಾಗಿತ್ತು.

ವೆಲ್ಲೆಸ್ಲಿಯ ಬೇಟೆ

ಧೋಂಡಿಯಾನನ್ನು ಹಿಡಿಯುವ ಹೊಣೆ ಬಿದ್ದದ್ದು ಮೈಸೂರಿನ ಸೇನೆಯ ಮುಖ್ಯಸ್ಥನಾಗಿದ್ದ ಮೂವತ್ತೊಂದು ವರ್ಷದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಹೆಗಲಿಗೆ. ಅವನೇ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎನಿಸಿದವನು. ಗವರ್ನರ್ ಜನರಲ್ ಅವನ ಸ್ವಂತ ಅಣ್ಣ. ಡಚ್ಚರ ಬಟಾವಿಯಾದ ಮೇಲೆ ಹೋಗಲಿದ್ದ ದಂಡಯಾತ್ರೆಯ ನಾಯಕತ್ವವನ್ನು ಅದೇ ಸಮಯಕ್ಕೆ ವೆಲ್ಲೆಸ್ಲಿಗೆ ನೀಡಲಾಯಿತು. ಹಣ ಮತ್ತು ಕೀರ್ತಿ ಎರಡೂ ಸಿಗುವ ಕೆಲಸ. ಆದರೂ ಧೋಂಡಿಯಾನನ್ನು ಮುಗಿಸದೆ ಮೈಸೂರು ಬಿಡುವುದು ಕ್ಷೇಮವಲ್ಲವೆಂದು ಅವನು ಅದನ್ನು ಬಿಟ್ಟುಕೊಟ್ಟ. ಸಿಕ್ಕಿದಲ್ಲಿ ಧೋಂಡಿಯಾನನ್ನು ಮೊದಲ ಮರಕ್ಕೇ ನೇಣು ಹಾಕಬೇಕೆಂಬುದು ಮೇಲಿನಿಂದ ಬಂದ ಆಜ್ಞೆಯ ತಾತ್ಪರ್ಯ. ಎದುರಾಳಿ ಅರಸನಾಗಿದ್ದರೆ ಸಂಧಿ, ಸೆರೆ, ಪಿಂಚಣಿಗಳ ಮಾತು ಬರುತ್ತಿತ್ತು. ದರೋಡೆಕೋರ ಎಂದು ಹೆಸರಿಟ್ಟ ಕೂಡಲೇ ಅವೆಲ್ಲ ತಪ್ಪಿಹೋದವು.

ಜೂನ್ ತಿಂಗಳಲ್ಲಿ ವೆಲ್ಲೆಸ್ಲಿಯ ದಂಡು ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿತು. ಹೊಳೆ ತುಂಬಿತ್ತು. ತೋಪು, ಎತ್ತು, ಅಕ್ಕಿಯ ಮೂಟೆಗಳನ್ನೆಲ್ಲ ಹರಿಗೋಲುಗಳಲ್ಲಿ ಸಾಗಿಸಲು ದಿನಗಟ್ಟಲೆ ಹಿಡಿಯಿತು. ಈ ದಂಡಯಾತ್ರೆಯ ನಿಜವಾದ ಯುದ್ಧ ನಡೆದದ್ದು ಹೊಳೆಗಳ ಮತ್ತು ಹಸಿವಿನ ಜೊತೆಗೆ. ಎತ್ತುಗಳನ್ನೂ ಧಾನ್ಯವನ್ನೂ ಒದಗಿಸಿದವರು ದಿವಾನ್ ಪೂರ್ಣಯ್ಯ. ಮೈಸೂರಿನ ಸವಾರರೂ ವೆಲ್ಲೆಸ್ಲಿಯ ಜೊತೆಗಿದ್ದರು. ಎದುರಿಗೆ ಧೋಂಡಿಯಾನ ಪಾಳೆಯದಲ್ಲಿ ಟಿಪ್ಪುವಿನ ಹಳೆಯ ಸವಾರರು. ಒಂದು ವರ್ಷದ ಹಿಂದೆ ಒಂದೇ ದಂಡಿನಲ್ಲಿ ಉಂಡವರು ಈಗ ಎರಡೂ ಕಡೆ ಹಂಚಿಹೋಗಿದ್ದರು.

ರಾಣೇಬೆನ್ನೂರು ಕೋಟೆ ಜೂನ್ 27ರಂದು ಬಿತ್ತು. ಅತ್ತ ಜೂನ್ 30ರಂದು ಕಿತ್ತೂರಿನ ಸಮೀಪ ಗೋಖಲೆಯ ಪಡೆ ಧೋಂಡಿಯಾನ ಕೈಗೆ ಸಿಕ್ಕಿಬಿತ್ತು. ಧೋಂಡೋಪಂತ ಗೋಖಲೆ ಹತನಾದ. ಧೋಂಡಿಯಾ ಮಾತು ಉಳಿಸಿಕೊಂಡ, ವೈರಿಯ ರಕ್ತವನ್ನು ಮೀಸೆಗೆ ಬಳಿದುಕೊಂಡ. ಆ ಕಾಳಗದಿಂದ ಜೀವಸಹಿತ ಪಾರಾದ ಗೋಖಲೆಯ ಸಂಬಂಧಿ ಬಾಪು ಗೋಖಲೆ ಮುಂದೆ ಪೇಶ್ವೆಯ ಸೇನಾಪತಿಯಾಗಿ, 1818ರಲ್ಲಿ ಅಷ್ಟಿಯ ಕದನದಲ್ಲಿ ಅದೇ ಬ್ರಿಟಿಷರೊಡನೆ ಹೋರಾಡಿ ಮಡಿದ. ಧೋಂಡಿಯಾ ಮತ್ತು ಗೋಖಲೆಗಳು ಪರಸ್ಪರ ಕತ್ತರಿಸಿಕೊಳ್ಳದೆ ಒಂದಾಗಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಇಲ್ಲಿ ಬಾರದಿರದು.

ಜುಲೈ ತಿಂಗಳಿಡೀ ಬೇಟೆ ನಡೆಯಿತು. ಕುಂದಗೋಳ ಬಿತ್ತು, ಡಂಬಳ ಬಿತ್ತು. ಜುಲೈ 30ರಂದು ಮಲಪ್ರಭೆಯ ದಡದ ಮನೋಳಿಯ ಬಳಿ ವೆಲ್ಲೆಸ್ಲಿಯ ಸವಾರರು ಧೋಂಡಿಯಾನ ಪಾಳೆಯದ ಮೇಲೆ ಹಠಾತ್ತನೆ ಎರಗಿದರು. ದಡದಲ್ಲಿ ಸಿಕ್ಕಿದವರು ಕತ್ತಿಗೆ, ನೀರಿಗೆ ಹಾರಿದವರು ಪ್ರವಾಹಕ್ಕೆ ಬಲಿಯಾದರು. ಅದರಾಚೆಗೆ ಧೋಂಡಿಯಾನ ದಂಡು ದಿನದಿನಕ್ಕೂ ಕರಗಿತು. ಸಂಬಳಕ್ಕಾಗಿ ಬಂದವರು ಸಂಬಳ ನಿಂತೊಡನೆ ಹೊರಟುಹೋದರು. ಬಲ ಕೊಟ್ಟದ್ದೇ ಕೊನೆಗೆ ದೌರ್ಬಲ್ಯವಾಯಿತು.

ಕೊನೆಗೆ ಸೆಪ್ಟೆಂಬರ್ 10ರಂದು, ನಿಜಾಮನ ಸೀಮೆಗೆ ಸೇರಿದ್ದ ಕೃಷ್ಣಾ–ತುಂಗಭದ್ರೆಗಳ ನಡುವಣ ನಾಡಿನಲ್ಲಿ, ಕೋನಗಲ್ ಎಂಬಲ್ಲಿ ಇಬ್ಬರೂ ಮುಖಾಮುಖಿಯಾದರು. ಧೋಂಡಿಯಾನ ಬಳಿ ಸುಮಾರು 5,000 ಸವಾರರು. ವೆಲ್ಲೆಸ್ಲಿಯ ಬಳಿ ನಾಲ್ಕು ಅಶ್ವದಳಗಳು ಮಾತ್ರ, ಕಾಲಾಳುಗಳು ಇನ್ನೂ ಹಿಂದಿದ್ದರು. ಊರು ಮತ್ತು ಬಂಡೆಯನ್ನು ಬೆನ್ನಿಗಿಟ್ಟುಕೊಂಡು ಧೋಂಡಿಯಾ ಸ್ವಲ್ಪ ಹೊತ್ತು ಕದಲದೆ ನಿಂತ. ವೆಲ್ಲೆಸ್ಲಿ ನಾಲ್ಕೂ ದಳಗಳನ್ನು ಒಂದೇ ಸಾಲಿನಲ್ಲಿ ಹರಡಿ ತಾನೇ ಮುಂದೆ ನಿಂತು ನುಗ್ಗಿಸಿದ. ಸಾಲು ಮುರಿಯಿತು. ಧೋಂಡಿಯಾ ಹೋರಾಡುತ್ತ ಸತ್ತ. ಶವವನ್ನು ಗುರುತಿಸಿ ತೋಪಿನ ಗಾಡಿಗೆ ಕಟ್ಟಿ ಶಿಬಿರಕ್ಕೆ ತರಲಾಯಿತು. ಮರಕ್ಕೆ ನೇಣು ಹಾಕುವ ಅವಕಾಶವನ್ನು ಅವನು ಬ್ರಿಟಿಷರಿಗೆ ಕೊಡಲಿಲ್ಲ.

ಈ ಗೆಲುವಿನ ಸುದ್ದಿ ತಿಳಿದ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ, ಧೋಂಡಿಯಾನನ್ನು ತಡೆಯದಿದ್ದರೆ ಅವನು ಸ್ವತಂತ್ರ ಅರಸನಾಗಿ ಹೊಸದೊಂದು ರಾಜವಂಶವನ್ನೇ ಸ್ಥಾಪಿಸುತ್ತಿದ್ದ ಎಂಬರ್ಥದಲ್ಲಿ ಬರೆದ. ದರೋಡೆಕೋರನಿಗೂ ಅರಸನಿಗೂ ನಡುವೆ ಇದ್ದದ್ದು ಒಂದು ಕದನದ ಅಂತರ ಎಂಬುದನ್ನು ಶತ್ರುಪಕ್ಷದವನೇ ಒಪ್ಪಿಕೊಂಡಂತಾಯಿತು. ಹೈದರಾಲಿಯೂ ಸಾಮಾನ್ಯ ಸೈನಿಕನಾಗಿಯೇ ಬದುಕು ಆರಂಭಿಸಿದ್ದನಲ್ಲವೇ?

ಧೋಂಡಿಯಾ ಸತ್ತ ಒಂದು ತಿಂಗಳಿಗೆ, 1800ರ ಅಕ್ಟೋಬರ್ 10ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ಪಟ್ಟಣದಲ್ಲಿ ಗೇಬ್ರಿಯಲ್ ಎಂಬ ಕಮ್ಮಾರನನ್ನು ಗಲ್ಲಿಗೇರಿಸಲಾಯಿತು. ಗುಲಾಮರನ್ನು ಸಂಘಟಿಸಿ ದಂಗೆ ಏಳಲು ಹವಣಿಸಿದ್ದು ಅವನ ಅಪರಾಧ. ದೊರೆಯ ವಿರುದ್ಧ ಬಂಡೆದ್ದು ಗೆದ್ದು, ಸ್ವಾತಂತ್ರ್ಯವೀರರೆನಿಸಿಕೊಂಡವರ ರಾಜ್ಯವೇ ಅವನಿಗೆ ಗಲ್ಲು ವಿಧಿಸಿತ್ತು.

ವೆಲ್ಲೆಸ್ಲಿಯ ಕತೆಯಲ್ಲೂ ಇಂಥದೇ ತಿರುವು ಇದೆ. 1808ರಲ್ಲಿ ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ ಸೈನ್ಯ ಸಜ್ಜುಗೊಳಿಸುವ ಕೆಲಸ ಅವನಿಗೆ ಬಂತು. ಸ್ಪೇನಿನ ಹಿಡಿತದಲ್ಲಿದ್ದ ದಕ್ಷಿಣ ಅಮೆರಿಕದಲ್ಲಿ ಕ್ರಾಂತಿ ಎಬ್ಬಿಸಲು ಹೊರಟಿದ್ದ ವೆನಿಜುವೆಲಾದ ಫ್ರಾನ್ಸಿಸ್ಕೊ ಡಿ ಮಿರಾಂಡಾನಿಗೆ ನೆರವಾಗುವುದು ಅದರ ಉದ್ದೇಶ. ಚನ್ನಗಿರಿಯ ಬಂಡಾಯಗಾರನನ್ನು ಕೊಂದವನು ಕರಾಕಸ್‌ನ ಬಂಡಾಯಗಾರನಿಗೆ ಬೆಂಬಲವಾಗಿ ಹೊರಡಲಿದ್ದ! ಅಷ್ಟರಲ್ಲಿ ಸ್ಪೇನಿನ ಜನರೇ ನೆಪೋಲಿಯನ್ನನ ವಿರುದ್ಧ ತಿರುಗಿಬಿದ್ದರು, ಸ್ಪೇನ್ ಇಂಗ್ಲೆಂಡಿಗೆ ಮಿತ್ರನಾಯಿತು, ಸೈನ್ಯ ಪೋರ್ಚುಗಲ್ ಕಡೆಗೆ ತಿರುಗಿತು. ಆ ಸುದ್ದಿಯನ್ನು ಲಂಡನ್ನಿನಲ್ಲಿ ಮಿರಾಂಡಾನಿಗೆ ಮುಟ್ಟಿಸುವ ಕೆಲಸವೂ ವೆಲ್ಲೆಸ್ಲಿಯದೇ ಆಯಿತು. ಮಿರಾಂಡಾ ಬೀದಿಯಲ್ಲೇ ಕೂಗಾಡಿದ. ಮುಂದೆ ಸ್ಪೇನಿನವರ ಕೈಗೆ ಸಿಕ್ಕಿ 1816ರಲ್ಲಿ ಸೆರೆಮನೆಯಲ್ಲೇ ಸತ್ತ. ಬೊಲಿವಾರ್ ಗೆದ್ದುದರಿಂದ ಮಿರಾಂಡಾ ಇಂದು ವೆನಿಜುವೆಲಾದ ರಾಷ್ಟ್ರವೀರ. ಧೋಂಡಿಯಾನ ನಂತರ ಅವನ ಹೆಸರಿನಲ್ಲಿ ಗೆದ್ದವರು ಯಾರೂ ಇರಲಿಲ್ಲ.

1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆ ತಾಳಲಾರದೆ ಕೂಟ ಸೇರಿ ದಂಗೆ ಎದ್ದಾಗ ಇದೇ ಚನ್ನಗಿರಿಯ ಬಸವಾಪಟ್ಟಣ, ಇದೇ ಹೊನ್ನಾಳಿ ಮತ್ತೆ ಹೊತ್ತಿ ಉರಿದವು. ಅದನ್ನೇ ನೆಪವಾಗಿಸಿ ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು.

ಕೋನಗಲ್ ಕದನ ಮುಗಿದ ಮೇಲೆ ಧೋಂಡಿಯಾನ ಸರಕು ಸಾಮಾನುಗಳ ನಡುವೆ ಸೈನಿಕರಿಗೆ ಸುಮಾರು ನಾಲ್ಕು ವರ್ಷದ ಗಂಡು ಮಗುವೊಂದು ಸಿಕ್ಕಿತು. ಧೋಂಡಿಯಾನ ಮಗ ಸಲಾಬತ್ ಖಾನ್. ಮಗುವನ್ನು ವೆಲ್ಲೆಸ್ಲಿಯ ಡೇರೆಗೆ ಒಯ್ದರು. ತಂದೆಯ ಮೇಲೆ ಕುದುರೆ ನುಗ್ಗಿಸಿದ್ದ ಕರ್ನಲ್ ಮಗನ ಪಾಲನೆಯ ಹೊಣೆ ಹೊತ್ತ. 1805ರಲ್ಲಿ ಭಾರತ ಬಿಡುವಾಗ ಹುಡುಗನ ಖರ್ಚಿಗೆಂದು ಹಣ ಇಟ್ಟು ಹೋದ. ಬೆಳೆದು ತರುಣನಾದ ಸಲಾಬತ್ ಖಾನ್ ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.